ಸಾಹೇಬರ ಕಾರ್ಪೆಟ್

ನೀರಿನ ಲೋಟವನ್ನು ಬಾಗಿಲ ಕಡೆಯಿಂದಲೇ ಮೇಜಿನ ಮೇಲೆ ಇಡಬಹುದಿತ್ತು. ಅಟೆಂಡರಮ್ಮ ಹಾಗೆ ಮಾಡಲಿಲ್ಲ. ಬರಿಗಾಲಲ್ಲಿ ಕಿಟಕಿಯವರೆಗೆ ಹೋದಳು, ಬೀರುವಿನ ಪಕ್ಕದಲ್ಲಿ ತಿರುಗಿದಳು, ಸಾಹೇಬರ ಕುರ್ಚಿಯ ಹಿಂದಿನಿಂದ ನಿಧಾನವಾಗಿ ಒಂದು ಸುತ್ತು ಬಂದು, ಆಮೇಲೆ ಲೋಟ ಇಟ್ಟಳು. ಬೆಳಗ್ಗಿನಿಂದ ಅದು ಎಷ್ಟನೆಯ ಲೋಟವೋ. ಹೊಟ್ಟೆಯ ನೀರು ಅಲುಗದಂತೆ ಕೆಲಸ ಮಾಡಿ ಅಭ್ಯಾಸವಿದ್ದ ಸಾಹೇಬರಿಗೆ ಈಗ ಕುಳಿತಲ್ಲಿ ಮಿಸುಕಿದರೂ ಹೊಟ್ಟೆಯಲ್ಲಿ ನೀರು ಕುಲುಕುತ್ತಿತ್ತು.

"ಇನ್ನೂ ಎಷ್ಟು ನೀರು ಕುಡಿಸ್ತೀಯಮ್ಮ?" ಎಂದರು ಸಾಹೇಬರು, ಉಬ್ಬಿಹೋಗಿ.

"ನೀವು ಆರೋಗ್ಯವಾಗಿದ್ರೆ ತಾನೆ ಸಾರ್ ನಾವು," ಎಂದ ಅಟೆಂಡರಮ್ಮ ವಾಪಸು ಹೋಗುವಾಗಲೂ ದೂರದ ದಾರಿಯನ್ನೇ ಹಿಡಿದಳು.

ಹೊರಗೆ ಹೆಡ್ ಕ್ಲರ್ಕ್ ಹೊಟ್ಟೆ ಉರಿದುಕೊಂಡ. "ಬೆಣ್ಣೆ ಹಚ್ಚೋದನ್ನ ಈ ಯಮ್ಮನ ಹತ್ರ ಕಲೀಬೇಕು ಕಣ್ರೀ." ಸೇರಿದ ದಿನದಿಂದ ಬೆಣ್ಣೆ ಹಚ್ಚಿಯೂ ಕುರ್ಚಿ ಬದಲಾಗದವನ ಸಂಕಟ ಅದು.

ಬೆಣ್ಣೆಯ ವಿಷಯ ಹಾಗಿರಲಿ. ಅಟೆಂಡರಮ್ಮನ ಎರಡೂ ಮಂಡಿಗೆ ಸಂಧಿವಾತ ಹಿಡಿದಿತ್ತು. "ಗಟ್ಟಿ ನೆಲ ಬೇಡಮ್ಮ, ಮೆತ್ತಗಿರೋ ಕಡೆ ನಡೀರಿ. ನೋವು ಅಂತ ಕೂತುಬಿಟ್ರೆ ಕೀಲು ಹಿಡ್ಕೊಂಡುಬಿಡುತ್ತೆ," ಎಂದು ಡಾಕ್ಟರು ಹೇಳಿದ್ದರು. ಅವರಿಗೇನು, ಹೇಳಿ ಮುಂದಿನವರನ್ನು ಕರೆದರು. ಅವಳ ಮನೆಯದು ಸಿಮೆಂಟಿನ ನೆಲ, ಬೀದಿ ಕಾಂಕ್ರೀಟು, ಆಫೀಸಿನ ಹಜಾರ, ಮೆಟ್ಟಿಲು, ಕಾರಿಡಾರು ಎಲ್ಲ ಕಲ್ಲು. ಅವಳ ಪಾಲಿಗೆ ಮೆತ್ತಗೆ ಸಿಕ್ಕಿದ್ದು ಸಾಹೇಬರ ಕೋಣೆಯ ಕಾರ್ಪೆಟ್ ಒಂದೇ. ಹೆಬ್ಬೆರಳು ಹೂತುಹೋಗುವಷ್ಟು ದಪ್ಪ. ಅದು ಕೊಳೆಯಾಗಬಾರದೆಂದು ಚಪ್ಪಲಿ ಬೂಟು ಹೊರಗೆ ಬಿಟ್ಟೇ ಬರಬೇಕೆಂಬ ಕಾನೂನನ್ನೂ ಸಾಹೇಬರೇ ಮಾಡಿದ್ದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ನೋವನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಹೋದ ವರ್ಷ ಡ್ರೈವರಣ್ಣ ಕುಂಟುವುದನ್ನು ಕಂಡ ಸಾಹೇಬರು, "ಪಾಪ, ಮನೇಲಿ ರೆಸ್ಟ್ ತಗೊಳಪ್ಪ," ಎಂದು ಕೆಲಸದಿಂದಲೇ ಬಿಡಿಸಿದ್ದರು. ಸಾಹೇಬರ ಸಿಟ್ಟಿಗೆ ಅಟೆಂಡರಮ್ಮ ಹೆದರಿದವಳಲ್ಲ. ಅವರ ಕರುಣೆ ಎಂದರೆ ಮಾತ್ರ ಅವಳ ಎದೆ ನಡುಗುತ್ತಿತ್ತು.

ಆ ಕರುಣೆ ಕೊನೆಗೂ ಅವಳನ್ನು ಹುಡುಕಿಕೊಂಡು ಬಂತು. ತಂಗಿಯ ಮನೆಗೆಂದು ಒಂದು ವಾರ ರಜೆ ಹಾಕಿ ಬಂದು ನೋಡಿದರೆ ಕೋಣೆಯಲ್ಲಿ ಕಾರ್ಪೆಟ್ ಇಲ್ಲ. ಮುಖ ಕಾಣುವಂಥ ಕರಿ ಗ್ರಾನೈಟ್ ಫಳಫಳ ಹೊಳೆಯುತ್ತಿದೆ. ಬಾಗಿಲ ಬಳಿ ಇಡೀ ಆಫೀಸು ನೆರೆದಿದೆ.

"ನೀನು ದಿನಾ ನೆಲ ನೋಡ್ಕೊಂಡೇ ನಡೀತಿದ್ದೆ, ನಾನು ಗಮನಿಸಿದ್ದೆ," ಎಂದರು ಸಾಹೇಬರು. "ಧೂಳು ಹೊಡೆದೂ ಹೊಡೆದೂ ಸಾಕಾಗಿತ್ತಲ್ವಾ? ನಿನಗೋಸ್ಕರಾನೇ ಮಾಡಿಸಿದ್ದು. ಇನ್ಮೇಲೆ ಒರೆಸಿದ್ರೆ ಆಯ್ತು. ಎಲ್ಲಿ, ಮೊದಲು ನೀನೇ ನಡಿ ನೋಡೋಣ."

ಅಟೆಂಡರಮ್ಮ ನಡೆದಳು. ಮಂಡಿಯೊಳಗೆ ಜಲ್ಲಿ ಅರೆದಂತಾಗಿ ಕಣ್ಣಲ್ಲಿ ನೀರು ಬಂತು.

"ನೋಡ್ರೀ, ಆನಂದಬಾಷ್ಪ!" ಎಂದರು ಸಾಹೇಬರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಡ್ ಕ್ಲರ್ಕ್‌ನದು ಎಲ್ಲರಿಗಿಂತ ಜೋರು.

"ಸಾರ್, ಹಳೇ ಕಾರ್ಪೆಟ್ ಎಲ್ಲೋಯ್ತು?" ಎಂದು ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೇಳಿದಳು.

"ಸ್ಟೋರ್ ರೂಮಲ್ಲಿ ಎಸೆದಿದ್ದಾರೆ. ಇಲಿ ತಿನ್ಕೊಳ್ಲಿ ಬಿಡು."

ಅಂದಿನಿಂದ ಸಾಹೇಬರ ಕೋಣೆಗೆ ನೀರಿನ ಬರ ಬಂತು. ಬೆಲ್ ಒತ್ತಿ ಒತ್ತಿ ಬೆರಳು ಸವೆದರೂ ಅಟೆಂಡರಮ್ಮ ಕಾಣಳು. ಬಂದರೂ ಲೋಟವನ್ನು ಬಾಗಿಲ ಕಡೆಯಿಂದಲೇ ಕುಕ್ಕಿ ಮಾಯವಾಗುವಳು. ಉಪಕಾರ ಮಾಡಿದರೆ ಜನ ಹೀಗೇ ಎಂದುಕೊಂಡು ಸಾಹೇಬರು ನೊಂದರು. ಒಂದು ಕೈ ಬೆನ್ನ ಹಿಂದೆ ಇಟ್ಟು, ಫೋನು ಕಿವಿಗಿಟ್ಟುಕೊಂಡು ಗಂಟೆಗಟ್ಟಲೆ ಕೋಣೆಯಲ್ಲಿ ಶತಪಥ ಹಾಕುವುದು ಅವರ ಹಳೆಯ ಚಟ. ಗ್ರಾನೈಟಿನ ಮೇಲೆ ಆ ಚಟ ಎರಡು ತಿಂಗಳು ನಡೆಯಿತು. ಆಮೇಲೆ ಅವರ ಬಲಮಂಡಿಯೂ ಮಾತಾಡತೊಡಗಿತು. ಅವರು ಯಾರಿಗೂ ಹೇಳಲಿಲ್ಲ. ನಿವೃತ್ತಿ ಹತ್ತಿರವಾಗಿದ್ದ ಅವರನ್ನು ಇನ್ನೂ ಎರಡು ವರ್ಷ ಕೆಲಸದಲ್ಲಿ ಮುಂದುವರಿಸಬೇಕೇ ಎಂದು ನೋಡಲು ಮೇಲಿನವರು ಮುಂದಿನ ವಾರವೇ ಬರುವವರಿದ್ದರು.

ಒಂದು ಮಧ್ಯಾಹ್ನ ಬೆಲ್ಲಿಗೆ ಯಾರೂ ಓಗೊಡದಿದ್ದಾಗ ಸಾಹೇಬರು ತಾವೇ ಎದ್ದರು. ಗೋಡೆ ಹಿಡಿದುಕೊಂಡು, ಒಂದು ಕಾಲು ಎಳೆಯುತ್ತ, ಕಾರಿಡಾರಿನ ಕೊನೆಯವರೆಗೆ ಬಂದರು. ಸ್ಟೋರ್ ರೂಮಿನ ಬಾಗಿಲು ಓರೆಯಾಗಿತ್ತು. ತಳ್ಳಿದರು.

ಮುರಿದ ಕುರ್ಚಿಗಳನ್ನೆಲ್ಲ ಗೋಡೆಗೆ ಒತ್ತರಿಸಿ ಕಾರ್ಪೆಟ್ ಹಾಸಲಾಗಿತ್ತು. ಅದರ ಮೇಲೆ ಅಟೆಂಡರಮ್ಮ ಬರಿಗಾಲಲ್ಲಿ, ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು, ಥೇಟ್ ಸಾಹೇಬರ ಹಾಗೆಯೇ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಳು.

"ಏನಮ್ಮ ಇದು!" ಎಂದು ಸಾಹೇಬರು ಗುಡುಗಲು ಹೋದರು. ಒಳಗೆ ಒಂದು ಹೆಜ್ಜೆ ಇಟ್ಟರು. ಮಂಡಿ ಚುಳುಕ್ ಎಂದು ಬಾಗಿಲ ಚೌಕಟ್ಟು ಹಿಡಿದುಕೊಂಡರು.

ಅಟೆಂಡರಮ್ಮ ಅವರ ಮುಖ ನೋಡಿದಳು. ಆಮೇಲೆ ಅವರ ಮಂಡಿ ನೋಡಿದಳು. ಸ್ವಲ್ಪ ಸರಿದು ಜಾಗ ಬಿಟ್ಟಳು.

"ಬೂಟು ಆಚೆ ಬಿಟ್ಟು ಬನ್ನಿ ಸಾರ್. ಬಂದ್ಮೇಲೆ ಬಾಗಿಲು ಹಾಕ್ಕೊಳ್ಳಿ. ನೀವು ಕುಂಟೋದನ್ನ ಯಾರಾದ್ರೂ ನೋಡಿದ್ರೆ, ಪಾಪ ಅಂತ ಮನೆಗೆ ಕಳಿಸಿಬಿಡ್ತಾರೆ."