ಐನೂರು ರೂಪಾಯಿಯ ಹೆಸರು

ವೆಬ್‌ಸೈಟ್ ಹೆಸರುಗಳಿಗೆ ಬೆಲೆ ಕಟ್ಟುವ ವಾಮನರಾಯರನ್ನು ರೌಡಿಯೊಬ್ಬ ತನ್ನ ಗೋದಾಮಿಗೆ ಎಳೆದು ತಂದ. ಅಲ್ಲಿ ಕುರ್ಚಿಗೆ ಕಟ್ಟಿಹಾಕಿದ್ದ ಒಬ್ಬಾತ ರಕ್ತ ಉಗುಳುತ್ತಿದ್ದ. ಅವನ ಎರಡು ಬೆರಳು ಆಗಲೇ ಮುರಿದಿದ್ದವು.

"ಇವನ ಹತ್ರ ನಾಲ್ಕೇ ಅಂಕಿ ಇರೋ ಒಂದು ಡಾಟ್ ಕಾಮ್ ಹೆಸರಿದೆ. ಸರಿಯಾದ ರೇಟ್ ಹೇಳಿ, ರಾಯರೇ. ಬೆಲೆ ಬಾಳೋದಾದ್ರೆ ಪಾಸ್‌ವರ್ಡ್ ಕಕ್ಕಿಸಿ ಇವನನ್ನ ಮುಗಿಸ್ತೀನಿ. ಇಲ್ಲಾಂದ್ರೆ ಬಿಟ್ಬಿಡ್ತೀನಿ."

ರಾಯರು ತಮ್ಮ ಕರವಸ್ತ್ರದಿಂದ ಕುರ್ಚಿಯಲ್ಲಿದ್ದವನ ಬಾಯಿ ಒರೆಸಿದರು. ರೌಡಿ ಕೊಟ್ಟ ಚೀಟಿಯಲ್ಲಿ ಅಂಕಿಗಳನ್ನು ನೋಡಿದೊಡನೆ, ಇಷ್ಟು ಚಿಕ್ಕ ಹೆಸರು ಬಲು ಅಪರೂಪ, ಅರವತ್ತು ಲಕ್ಷದ ಮಾಲು ಎಂದು ಅವರಿಗೆ ಗೊತ್ತಾಗಿತ್ತು.

"ಕಸ," ಎಂದರು. "ಐನೂರು ರೂಪಾಯಿಗೂ ಯಾರೂ ಕೊಳ್ಳಲ್ಲ."

"ಥತ್! ಇದಕ್ಕಾ ಇಷ್ಟು ಕೈ ನೋಯಿಸ್ಕೊಂಡೆ?" ರೌಡಿ ಹಗ್ಗ ಕತ್ತರಿಸಿ, ಕುಡಿಯಲು ನೀರನ್ನೂ ಕೊಟ್ಟ. "ನಡಿಯಯ್ಯ, ಮನೆಗೆ ಹೋಗು."

ತೂರಾಡುತ್ತ ಬಾಗಿಲವರೆಗೆ ಹೋದವನು ಗಕ್ಕನೆ ತಿರುಗಿ ರಾಯರನ್ನು ದುರುಗುಟ್ಟಿ ನೋಡಿದ.

"ಐನೂರಾ? ರೀ, ಹೋದ ತಿಂಗಳು ಐವತ್ತು ಲಕ್ಷ ಕೊಡ್ತೀನಿ ಅಂದವನನ್ನೇ ನಾನು ಬೈದು ಕಳಿಸಿದೀನಿ!"