ದೇವರ ಪೇದೆಗೆ ಒಂದು ದೂರು

ಮೆರವಣಿಗೆ ಐಸ್ ಕಾರ್ಖಾನೆಯ ತಿರುವು ದಾಟುವಷ್ಟರಲ್ಲಿ ಗ್ವೆಹಾ ಗುಂಪಿನಿಂದ ಹೊರಬಂದು, ನಡುಬೀದಿಯಲ್ಲಿ ಗಾನ್ ದಂಡನಾಯಕನ ಎದುರು ಮಂಡಿಯೂರಿ ಕೂತುಬಿಟ್ಟಳು. ಹಿಂದೆ ಬರುತ್ತಿದ್ದ ನಗರದೇವರ ಪಲ್ಲಕ್ಕಿ ನಿಂತಿತು. ಡೋಲು, ಜಾಗಟೆ ನಿಂತವು. ಪಟಾಕಿ ಸರಕ್ಕೆ ಬೆಂಕಿ ತಾಗಿಸಲು ಬಗ್ಗಿದವನು ಬಗ್ಗಿದಂತೆಯೇ ಉಳಿದ.

ಗಾನ್ ದಂಡನಾಯಕನೆಂದರೆ ದೇವರ ಕಡೆಯ ಪೊಲೀಸು. ಪಾಪಿಗಳನ್ನು ಹಿಡಿದು ಕೈಯಲ್ಲಿರುವ ಬಿದಿರು ದಂಡದಿಂದ ಬಾರಿಸುವುದು ಅವನ ಉದ್ಯೋಗ. ಅರ್ಧ ಕಪ್ಪು, ಅರ್ಧ ಕೆಂಪು ಬಳಿದ ಆ ಮುಖದ ಒಳಗಿದ್ದವನು ಸ್ಕೂಟರ್ ರಿಪೇರಿಯ ಬುನ್‌ಹಾಯ್, ಗ್ವೆಹಾಳ ಗಂಡ. ಇದು ಇಡೀ ಬೀದಿಗೆ ಗೊತ್ತು. ಆದರೆ ಬಣ್ಣ ಬಿದ್ದ ಮೇಲೆ ಗೊತ್ತಿದೆ ಎನ್ನುವಂತಿಲ್ಲ. ಅವನನ್ನು ಮನೆಯ ಹೆಸರು ಹಿಡಿದು ಕರೆಯಬಾರದು. ಅವನು ಮಾತಾಡಬಾರದು, ನಗಲೂಬಾರದು. ಈ ನಿಯಮವನ್ನು ಎಲ್ಲರಿಗಿಂತ ಜೋರಾಗಿ ಸಾರುತ್ತಿದ್ದವನೂ ಬುನ್‌ಹಾಯ್‌ನೇ. "ಮುಖಕ್ಕೆ ಬಣ್ಣ ಬಿತ್ತು ಅಂದ್ರೆ ಬುನ್‌ಹಾಯ್ ಇಲ್ಲ ಅಂತ ತಿಳ್ಕೊಳ್ರಪ್ಪಾ. ಅಲ್ಲಿರೋದು ಸಾಕ್ಷಾತ್ ದಂಡನಾಯಕ!" ಎಂದು ಚಹಾದಂಗಡಿಯಲ್ಲಿ ಎದೆ ತಟ್ಟಿಕೊಂಡು ಹೇಳುತ್ತಿದ್ದ. ಉತ್ಸವಕ್ಕೆ ಮುಂಚಿನ ವಾರ ಅವನು ಮಾಂಸ ಮುಟ್ಟುತ್ತಿರಲಿಲ್ಲ, ಹೆಂಡ ಮುಟ್ಟುತ್ತಿರಲಿಲ್ಲ, ಹೆಂಡತಿಯನ್ನೂ ಮುಟ್ಟುತ್ತಿರಲಿಲ್ಲ. ಹೊಡೆಯುವುದಕ್ಕೂ ಮುಟ್ಟುತ್ತಿರಲಿಲ್ಲವಾದ್ದರಿಂದ ಗ್ವೆಹಾಳಿಗೆ ವರ್ಷದಲ್ಲಿ ಆ ಒಂದು ವಾರವೇ ಹಬ್ಬ.

"ಅಪ್ಪಾ ದಂಡನಾಯಕ, ನಿನಗೊಂದು ದೂರು ಕೊಡೋಕೆ ಬಂದಿದೀನಿ," ಎಂದಳು ಗ್ವೆಹಾ.

ಬುನ್‌ಹಾಯ್‌ಗೆ ಬಣ್ಣದೊಳಗೇ ಕಿವಿ ಬಿಸಿಯಾಯಿತು. ಮದುವೆಯಾದಾಗಿನಿಂದ 'ನೀವು' ಬಿಟ್ಟು ಬೇರೆ ಮಾತಾಡದವಳು ಊರೆದುರು 'ನಿನಗೆ' ಎಂದಿದ್ದಳು! ತಪ್ಪು ಹಿಡಿಯುವಂತೆಯೂ ಇಲ್ಲ. ದೇವರನ್ನು ಯಾರಾದರೂ ಬಹುವಚನದಲ್ಲಿ ಕರೆಯುತ್ತಾರೆಯೇ?

ಬಣ್ಣದ ವೇಷದವರ ತಂಡದ ಹಿರಿಯ ಆಸಿಂಗ್ ಅಜ್ಜ, ಬಣ್ಣ ಹಚ್ಚದೆ ಪಕ್ಕದಲ್ಲಿ ಊದುಬತ್ತಿ ಹಿಡಿದು ಬರುತ್ತಿದ್ದವನು, ದಾಪುಗಾಲು ಹಾಕಿ ಮುಂದೆ ಬಂದ. ಸದ್ಯ, ಇವಳನ್ನು ಎಬ್ಬಿಸಿ ಕಳಿಸುತ್ತಾನೆ ಎಂದು ಬುನ್‌ಹಾಯ್ ಉಸಿರುಬಿಟ್ಟ.

"ದೂರು ಬಂದ್ರೆ ಕೇಳ್ದೆ ಮುಂದೆ ಹೋಗೋ ಹಾಗಿಲ್ಲ," ಎಂದ ಅಜ್ಜ. "ಹೇಳಮ್ಮ, ಯಾರ ಮೇಲೆ?"

"ನನ್ನ ಗಂಡನ ಮೇಲೆ ಅಜ್ಜ. ಹೆಸರು ಬುನ್‌ಹಾಯ್ ಅಂತ."

ಗುಂಪಿನಲ್ಲಿ ಯಾರೋ ಕೆಮ್ಮಿದರು. ಆಮೇಲೆ ನಗು ಬಂದವರೆಲ್ಲ ಕೆಮ್ಮತೊಡಗಿದರು.

"ಆಸಾಮಿ ಈಗೆಲ್ಲಿದಾನೆ?" ಅಜ್ಜನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಬೆಳಗ್ಗೆ ಮನೆ ಬಿಟ್ಟವ್ರು, ಎಲ್ಲಿ ಹೋದ್ರೋ ಏನೋ. ಇಲ್ಲಂತೂ ಇಲ್ಲ."

"ಏನು ಮಾಡ್ತಾನೆ?"

"ಕುಡ್ಕೊಂಡು ಬಂದು ಹೊಡೀತಾರೆ. ಹೋದ ತಿಂಗಳು ಹೆಲ್ಮೆಟ್ ತಗೊಂಡು ಹೊಡೆದ್ರು, ನೋಡಿ." ಅವಳು ತೋಳಿನ ಬಟ್ಟೆ ಮೇಲೆತ್ತಿದಳು. ಕೆಮ್ಮು ನಿಂತುಹೋಯಿತು.

ಕಪ್ಪೆಚಿಪ್ಪಿನ ಆಮ್ಲೆಟ್ ಮಾರುವ ಮುದುಕಿಯೊಬ್ಬಳು ಮುಂದೆ ನುಗ್ಗಿ, ದಂಡನಾಯಕನ ಮುಖವನ್ನೇ ನೆಟ್ಟಗೆ ನೋಡುತ್ತ ಕೈಮುಗಿದಳು. "ದಂಡನಾಯಕಪ್ಪಾ, ಆ ಹಾಳಾದವನನ್ನ ಬಿಡಬೇಡ ನೀನು! ಬೆನ್ನಿನ ಮೇಲೆ ಎರಡು ಬಿಗಿ!"

ಬುನ್‌ಹಾಯ್‌ನ ಬಾಯಲ್ಲಿ ಬೈಗುಳಗಳು ಸಾಲುಗಟ್ಟಿ ನಿಂತಿದ್ದವು. ಒಂದನ್ನೂ ಹೊರಬಿಡುವಂತಿರಲಿಲ್ಲ. ತುಟಿ ಬಿಚ್ಚಿದರೆ ದೇವರು ಇಳಿದುಹೋದನೆಂದು ಅಲ್ಲೇ ಮುಖ ತೊಳೆಸಿ ಮನೆಗೆ ಅಟ್ಟುತ್ತಾರೆ. ಮುಂದೆಂದೂ ಬಣ್ಣ ಹಚ್ಚಲು ಕರೆಯುವುದಿಲ್ಲ. ಸ್ಕೂಟರ್ ಅಂಗಡಿಯಲ್ಲಿ ಅವನಿಗೆ ಯಾರೂ ಕೈಮುಗಿಯುವವರಿರಲಿಲ್ಲ. ಅವನು ಕಣ್ಣು ಕೆಕ್ಕರಿಸಿಕೊಂಡು ನಿಂತ. ದಂಡನಾಯಕನಿಗೆ ಪಾಪಿಯ ಮೇಲೆ ಎಂಥ ಸಿಟ್ಟು ಬಂದಿದೆ ನೋಡಿ ಎಂದು ಜನ ಮೆಚ್ಚಿಕೊಂಡರು.

"ಏನು ಶಿಕ್ಷೆ ಆಗ್ಬೇಕಮ್ಮಾ?"

"ಆಗಿದ್ದಕ್ಕೆ ಏನೂ ಬೇಡ ಅಜ್ಜ. ಇನ್ನೊಂದ್ಸಲ ಕೈ ಎತ್ತಿದ್ರೆ, ಆ ಕೈ ಮತ್ತೆ ಸ್ಪ್ಯಾನರ್ ಹಿಡೀಬಾರ್ದು. ಅಷ್ಟು ಮಾತು ಕೊಡಪ್ಪಾ ನೀನು, ಸಾಕು."

"ಒಪ್ಪಿಗೆ ಆದ್ರೆ ದಂಡನಾಯಕ ಮೂರು ಸಲ ನೆಲ ಕುಟ್ಟಲಿ," ಎಂದ ಅಜ್ಜ.

ಪಲ್ಲಕ್ಕಿ ಹೊತ್ತವರು ಹೆಗಲು ಬದಲಿಸಿದರು. ಬಿಸಿಲು ನೆತ್ತಿ ಸುಡುತ್ತಿತ್ತು. ಬುನ್‌ಹಾಯ್ ದಂಡದಿಂದ ಒಂದು ಸಲ ಕುಟ್ಟಿದ. ತಡೆದು ಎರಡನೆಯ ಸಲ ಕುಟ್ಟಿದ. ಆಮೇಲೆ ಅಜ್ಜನ ಕಡೆ ನೋಡಿದ. ಅಜ್ಜ ಊದುಬತ್ತಿಯ ಬೂದಿ ಕೊಡವುತ್ತಿದ್ದ. ಮೂರನೆಯದನ್ನೂ ಕುಟ್ಟಿದ. ಬೀದಿಯೇ ಹೋ ಎಂದು ಕೂಗಿತು. ಕಾಪಾಡು ಎಂದು ಬಂದವರಿಗೆ ಕೊಡುವ ಪದ್ಧತಿಯಂತೆ, ದಂಡನಾಯಕ ತನ್ನ ಕೊರಳ ದಾರದಲ್ಲಿ ಪೋಣಿಸಿದ್ದ ಉಪ್ಪು ಬಿಸ್ಕತ್ತೊಂದನ್ನು ಕಿತ್ತು ಅವಳ ಕೈಗೆ ಹಾಕಿದ. ಗ್ವೆಹಾ ಅದನ್ನು ಭಕ್ತಿಯಿಂದ ಹಣೆಗೆ ಮುಟ್ಟಿಸಿಕೊಂಡು ದಾರಿ ಬಿಟ್ಟಳು.

ಸಂಜೆ ಬುನ್‌ಹಾಯ್ ಮುಖ ತೊಳೆದು, ವಾರದ ಬಾಕಿಯೆಲ್ಲ ಒಟ್ಟಿಗೆ ಕುಡಿದು ಮನೆಗೆ ಬಂದ. ಬಾಗಿಲ ಮೇಲೆ ಕೆಂಪು ದಾರದಲ್ಲಿ ಉಪ್ಪು ಬಿಸ್ಕತ್ತು ತೂಗುತ್ತಿತ್ತು. ಅದು ಹಣೆಗೆ ಬಡಿದದ್ದೇ ಅವನ ಪಿತ್ತ ನೆತ್ತಿಗೇರಿತು.

"ಏನೇ, ನಡುಬೀದೀಲಿ ನನ್ನ ಮಾನ ಹರಾಜು ಹಾಕ್ತೀಯಾ?" ಎಂದು ಕೈ ಎತ್ತಿದ.

ಗ್ವೆಹಾ ಹೆದರಿಕೆಯಿಂದ ಗೋಡೆಗೆ ಒತ್ತಿಕೊಂಡಳು. ಧ್ವನಿಯನ್ನು ಮಾತ್ರ ಬೀದಿಗೆ ಕೇಳುವಷ್ಟು ಎತ್ತರಿಸಿದಳು.

"ಅಯ್ಯೋ ರೀ, ಅಲ್ಲಿ ನೀವಿದ್ರಾ? ನಾನು ದಂಡನಾಯಕ ಅಂದ್ಕೊಂಡಿದ್ದೆನಲ್ಲಾ!"

ಎದುರು ಮನೆಯ ಕಿಟಕಿ ತೆರೆಯಿತು. ಯಾರೋ ಕೆಮ್ಮಿದರು.

ಬುನ್‌ಹಾಯ್ ಬಾಯಿ ತೆರೆದ. ಈಗ ಮಾತಾಡಲು ಯಾವ ಅಡ್ಡಿಯೂ ಇರಲಿಲ್ಲ, ಆದರೆ 'ನಾನೇ' ಎಂದರೆ ಅಲ್ಲಿ ದಂಡನಾಯಕ ಇರಲಿಲ್ಲವೆಂದಾಗುತ್ತಿತ್ತು. ಎತ್ತಿದ ಕೈ ಗಾಳಿಯಲ್ಲೇ ಇತ್ತು. ಉಗುರು ಸಂದಿಯಲ್ಲಿ ದಂಡನಾಯಕನ ಕೆಂಪು ಬಣ್ಣ ಇನ್ನೂ ಹೋಗಿರಲಿಲ್ಲ. ಅದನ್ನೇ ಸ್ವಲ್ಪ ಹೊತ್ತು ನೋಡಿ, ಆ ಕೈಯಿಂದ ಮೆಲ್ಲಗೆ ತನ್ನ ತಲೆಯನ್ನೇ ಕೆರೆದುಕೊಂಡ.