ಹೊತ್ತವರ ಅಳು

ಯಾರಾದರೂ ಮನಸಾರೆ ಅಳದ ಹೊರತು ಹಳೆಯ ಗೋರಿಯ ಮಣ್ಣು ಗುದ್ದಲಿಗೆ ಬಗ್ಗುವುದಿಲ್ಲ. ಅದಕ್ಕೆಂದೇ ಪ್ರಾಚ್ಯವಸ್ತು ಇಲಾಖೆ ದುರುಗವ್ವನಿಗೆ ನೌಕರಿ ಕೊಟ್ಟಿತ್ತು. ಗುಡ್ಡದ ಮೇಲೆ, ಮೂರು ಸಾವಿರ ವರ್ಷದ ಈ ಕಲ್ಲುಗೋರಿಯ ಮುಂದೆ ಅವಳು ತಾಯಾಗಿ ಅತ್ತಳು, ಹೆಂಡತಿಯಾಗಿ ಅತ್ತಳು. ಗುದ್ದಲಿ ಠಣ್ಣೆಂದು ಹಿಂದಕ್ಕೇ ಚಿಮ್ಮಿತು. ಇವತ್ತು ತೆರೆಯದಿದ್ದರೆ ನಾಳೆ ಗುಡ್ಡವೆಲ್ಲ ಕ್ವಾರಿಯವರ ಸಿಡಿಮದ್ದಿನ ಪಾಲು.

"ಭಾಳ ಹಟಮಾರಿ ಅದಾನ ಬಿಡಬೇ ಒಳಗ ಮಲಗಿದಾಂವ," ಎಂದು ಅಗೆಯುವ ಮರೆಪ್ಪ ನಕ್ಕ.

"ನೀ ಸುಮ್ನಿರೋ. ಮೇಡಮ್ಮಾರ, ಇಂವ ಎಂಥಾಂವ ಇದ್ದ, ಒಂಚೂರು ಹೇಳ್ರಿ," ಎಂದಳು ದುರುಗವ್ವ.

ಇಲಾಖೆಯ ಮುಮ್ತಾಜ್ ಮೇಡಂ, ಯಂತ್ರ ಮೇಲಿಂದಲೇ ತೆಗೆದ ಗೋರಿಯೊಳಗಿನ ಎಲುಬಿನ ಚಿತ್ರ ನೋಡಿದರು. "ಹುಟ್ಟಿದಾಗಿಂದ ಕಾಲಲ್ಲಿ ಬಲ ಇರಲಿಲ್ಲವ್ವ. ಒಂದು ಹೆಜ್ಜೇನೂ ನಡೆದಿಲ್ಲ. ಆದ್ರೂ ನಲವತ್ತು ವರ್ಷ ಬದುಕಿದಾನೆ."

ದುರುಗವ್ವ ಗಲ್ಲಕ್ಕೆ ಕೈ ಹಚ್ಚಿದಳು. ಇವನ ಮಂದಿ ನೀರು ಮೇವು ಹುಡುಕಿ ಗುಡ್ಡ ಗುಡ್ಡ ಅಲೆದವರು. ಒಬ್ಬರೂ ಇವನನ್ನು ದಾರಿಯಲ್ಲಿ ಇಳಿಸಿ ಹೋಗಲಿಲ್ಲ.

"ಎಂಥಾ ಮಂದಿ ಇದ್ದರ್ರೀ ಯವ್ವಾ!" ಎಂದವಳೇ ಸೆರಗು ಬಿಗಿದು ಕೂತು, ಈ ಸಲ ಅವನನ್ನು ಹೊತ್ತವರಾಗಿ ಅತ್ತಳು:

"ಹೆಗಲು ಹಗುರಾತಲ್ಲೋ ನನ್ನಣ್ಣ, ಇನ್ನ ಹೆಂಗ ನಡೀಲೋ..."

ಮಣ್ಣು ಮೆತ್ತಗೆ ಬಿಟ್ಟುಕೊಂಡಿತು. ಮರೆಪ್ಪ ಗುದ್ದಲಿ ಬದಿಗಿಟ್ಟು, ಎರಡೂ ಕೈಯಿಂದ ಬಗೆಯತೊಡಗಿದ.